ಹಿಟ್ಟಿನ ಕೋಳಿ, ಮಣ್ಣಿನ ಮೊಟ್ಟೆ

ಅಜ್ಜಂಪುರದ ಸುತ್ತಿನ ಒಂದು ಸರ್ಕಾರಿ ಶಾಲೆಯ ಬಿಸಿಯೂಟದ ಲೆಕ್ಕದ ಪುಸ್ತಕದಲ್ಲಿ ಎರಡು ಅಂಕಣಗಳಿವೆ. ಒಂದು ಮೊಟ್ಟೆ ತಿನ್ನುವ ಮಕ್ಕಳದು, ಇನ್ನೊಂದು ಬಾಳೆಹಣ್ಣು ತಿನ್ನುವ ಮಕ್ಕಳದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದ ಮೊಟ್ಟೆಯ ಯೋಜನೆ ಮರುವರ್ಷ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಹಬ್ಬಿತು. ಆಗ ಪೌಷ್ಟಿಕತೆಯನ್ನು ಮುಂದಿಟ್ಟು ಕೆಲವರೂ ಧರ್ಮವನ್ನು ಮುಂದಿಟ್ಟು ಕೆಲವರೂ ಬಹಳ ಮಾತನಾಡಿದರು, ಬರೆದರು. ಆ ವಾದ ಇಲ್ಲಿನ ವಿಷಯವಲ್ಲ. ಮೊಟ್ಟೆ ಒಲ್ಲದವರಿಗೆ ಬಾಳೆಹಣ್ಣು ಎಂದು ತೀರ್ಮಾನವಾಯಿತು. ಈ ಶಾಲೆಯ 38 ಮಕ್ಕಳಲ್ಲಿ 29 ಮಂದಿ ಮೊದಲ ಅಂಕಣಕ್ಕೂ 9 ಮಂದಿ ಎರಡನೆಯದಕ್ಕೂ ಸೇರಿದರು. ದೊಡ್ಡವರು ಪುಸ್ತಕದಲ್ಲಿ ಎಳೆದ ಗೆರೆಯನ್ನು ಮಕ್ಕಳು ತಾವಾಗಿಯೇ ಜಗಲಿಯ ಮೇಲೆಯೂ ಎಳೆದುಕೊಂಡರು. ಊಟದ ಹೊತ್ತಿಗೆ ಎರಡು ಸಾಲು ಕೂರತೊಡಗಿತು. ಯಾರೂ ಹಾಗೆ ಕೂರಲು ಹೇಳಿರಲಿಲ್ಲ.

ಆ ಶಾಲೆಯ ಅಧ್ಯಾಪಕಿಯೊಬ್ಬರು ಕಡೂರಿನವರು. ಪ್ರತಿದಿನ ರೈಲಿನಲ್ಲಿ ಬೀರೂರು ದಾಟಿ ಅಜ್ಜಂಪುರಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದು ಶಾಲೆ ಸೇರುವವರು. ಅವರ ನಾಲ್ಕನೆಯ ತರಗತಿಗೆ ನಡುವರ್ಷದಲ್ಲಿ ಕ್ರೈಸ್ತ ಮನೆತನದ ಹುಡುಗನೊಬ್ಬ ಬಂದು ಸೇರಿದ. ಹಿಂದಿದ್ದ ಊರಿನ ಚರ್ಚಿನ ಅಂಗಳದಲ್ಲಿ ಈಸ್ಟರ್ ಹಬ್ಬದ ದಿನ ಬಣ್ಣದ ಮೊಟ್ಟೆಗಳನ್ನು ಬಚ್ಚಿಟ್ಟು ಮಕ್ಕಳಿಂದ ಹುಡುಕಿಸುತ್ತಿದ್ದುದನ್ನು ಅವನು ಒಂದು ಮಧ್ಯಾಹ್ನ ತರಗತಿಯಲ್ಲಿ ವರ್ಣಿಸಿದ. ಕುಂಡದ ಹಿಂದೆ, ಪೈಪಿನ ಬಾಯಲ್ಲಿ, ಪಾದ್ರಿಗಳ ಸ್ಕೂಟರಿನ ಬುಟ್ಟಿಯಲ್ಲಿ ಎಂದೆಲ್ಲ ಅವನು ಹೇಳುತ್ತಿದ್ದಂತೆ ಇಡೀ ತರಗತಿ ಅವನ ಕಡೆಗೆ ತಿರುಗಿ ಕುಳಿತಿತ್ತು. “ಮಿಸ್, ನಮಗೂ ಆಡಿಸ್ರಿ” ಎಂಬ ಬೇಡಿಕೆ ಮೊದಲು ಬಂದದ್ದು ಬಾಳೆಹಣ್ಣಿನ ಸಾಲಿನ ಹುಡುಗಿಯಿಂದ. ಅವಳು ಅಜ್ಜಂಪುರದ ಒಂದು ಜೈನ ಮನೆಯ ಮಗು. ಅಧ್ಯಾಪಕಿಯ ಮನಸ್ಸಿನಲ್ಲಿ ಈ ಆಟ ಬೇರೂರಿದ್ದು ಆ ಕಾರಣದಿಂದಲೇ ಎನ್ನಬೇಕು. ಎರಡು ಸಾಲೂ ಒಟ್ಟಿಗೆ ಕೇಳಿದ ಮೊದಲ ವಸ್ತು ಅದು.

ಹುಡುಕುವ ಆಟ ನಮ್ಮ ಮಕ್ಕಳಿಗೆ ಹೊಸದೇನೂ ಅಲ್ಲ. ಮರಳನ್ನು ಉದ್ದನೆಯ ದಿಬ್ಬ ಮಾಡಿ ಅದರೊಳಗೆ ಕಡ್ಡಿಯೊಂದನ್ನು ಜಾರಿಸಿ ಬಚ್ಚಿಡುವುದು, ಎದುರಾಳಿ ಎರಡೂ ಕೈ ಹೆಣೆದು ಅದು ಇರುವ ಜಾಗವನ್ನು ಮುಚ್ಚುವುದು ಬಯಲುಸೀಮೆಯ ಹಳೆಯ ಆಟ. ಮದುವೆಯ ಮನೆಯಲ್ಲಿ ಬಣ್ಣದ ನೀರಿನ ಪಾತ್ರೆಯೊಳಗೆ ವಧೂವರರು ಉಂಗುರ ಹುಡುಕುವುದೂ ಇದರ ಬಂಧುವೇ. ಕಣ್ಣಾಮುಚ್ಚಾಲೆಯ ಹಾಡಿನಲ್ಲಂತೂ ಬಚ್ಚಿಟ್ಟುಕೊಳ್ಳುವ ಮಗುವನ್ನು ಹಕ್ಕಿಯೆಂದೇ ಕರೆಯಲಾಗಿದೆ. ಅಡಗಿದ ಹಕ್ಕಿಯನ್ನು ಹುಡುಕುವ ಮಕ್ಕಳಿಗೆ ಅಡಗಿಸಿದ ಮೊಟ್ಟೆ ದೂರದ ವಸ್ತುವಲ್ಲ.

ಪಶ್ಚಿಮದಲ್ಲಿ ಮೊಟ್ಟೆ ಈ ಹಬ್ಬಕ್ಕೆ ಬಂದು ಸೇರಿದ ಬಗೆ ಉಪವಾಸದ ಮಹತ್ತ್ವವನ್ನು ಬಲ್ಲ ಓದುಗರಿಗೆ ಕುತೂಹಲಕರವಾದೀತು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ ಮಧ್ಯಯುಗದ ಕ್ರೈಸ್ತರು ಮಾಂಸದೊಂದಿಗೆ ಮೊಟ್ಟೆಯನ್ನೂ ವರ್ಜಿಸುತ್ತಿದ್ದರು. ವ್ರತ ಮನುಷ್ಯರಿಗೆ, ಕೋಳಿಗಲ್ಲ. ಅದು ಇಡುತ್ತಲೇ ಇತ್ತು. ಹಬ್ಬದ ಹೊತ್ತಿಗೆ ಮನೆಮನೆಯಲ್ಲೂ ಮೊಟ್ಟೆಯ ರಾಶಿ ಬೀಳುತ್ತಿತ್ತು, ಹಂಚಲು, ಬಣ್ಣ ಹಚ್ಚಲು, ಆಟಕ್ಕೆ ಬಳಸಲು ಅದು ಒದಗುತ್ತಿತ್ತು. 1290ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ ಅರಮನೆಯ ಲೆಕ್ಕದಲ್ಲಿ 450 ಮೊಟ್ಟೆಗಳಿಗೆ 18 ಪೆನ್ನಿ ಖರ್ಚು ಬಿದ್ದಿದೆ. ಅವುಗಳಿಗೆ ಚಿನ್ನದ ರೇಕನ್ನೂ ಬಣ್ಣವನ್ನೂ ಹಚ್ಚಿ ಪರಿವಾರಕ್ಕೆ ಹಂಚಲಾಯಿತು. ಮೊಲವೊಂದು ಬಂದು ತೋಟದಲ್ಲಿ ಮೊಟ್ಟೆಗಳನ್ನು ಅಡಗಿಸುತ್ತದೆ, ಮಕ್ಕಳು ಅವನ್ನು ಹುಡುಕುತ್ತಾರೆ ಎಂಬ ಜರ್ಮನ್ ನಾಡಿನ ನಂಬಿಕೆಯನ್ನು 1682ರಲ್ಲಿ ವೈದ್ಯನೊಬ್ಬ ತನ್ನ ಪ್ರಬಂಧದಲ್ಲಿ ದಾಖಲಿಸಿದ್ದಾನೆ. ತಿನ್ನದೆ ಬಿಟ್ಟುದರಿಂದ ಹುಟ್ಟಿದ ಆಟ ಇದು. ಚಾಕೊಲೇಟಿನ ಅಂಗಡಿಗಳು ಬಹಳ ತಡವಾಗಿ ಇದರೊಳಗೆ ಬಂದವು.

ಇನ್ನು ಕಾಲದ ಮಾತು. ವಸಂತ ವಿಷುವದ ಅನಂತರದ ಹುಣ್ಣಿಮೆ ಕಳೆದು ಬರುವ ಭಾನುವಾರ ಈಸ್ಟರ್. ಚೈತ್ರ ಹುಣ್ಣಿಮೆಗೆ ಎರಡು ದಿನ ಮುಂಚೆ, ಶುದ್ಧ ತ್ರಯೋದಶಿಯಂದು, ಮಹಾವೀರ ಜಯಂತಿ. ಹಲವು ವರ್ಷ ಈ ಎರಡೂ ಒಂದೇ ಹುಣ್ಣಿಮೆಯ ಆಚೀಚೆ ನಿಲ್ಲುತ್ತವೆ. 2025ರಲ್ಲಿ ಜಯಂತಿ ಏಪ್ರಿಲ್ 10ಕ್ಕೆ, ಈಸ್ಟರ್ 20ಕ್ಕೆ ಬಂದವು. ಈಸ್ಟರಿನ ಹೊತ್ತಿಗೆ ಶಾಲೆಗೆ ಬೇಸಿಗೆಯ ರಜೆ ಬಂದಿರುತ್ತಿದ್ದುದರಿಂದ ಅಧ್ಯಾಪಕಿ ಆಟವನ್ನು ಏಪ್ರಿಲ್ 5ರ ಶನಿವಾರ, ಬೆಳಗಿನ ಶಾಲೆಯ ದಿನ, ಇಟ್ಟುಕೊಂಡರು. ಮುಖ್ಯೋಪಾಧ್ಯಾಯರು ಒಪ್ಪಿದರು. “ಶಾಲೆಯ ದುಡ್ಡು ಕೇಳಬೇಡಿ, ಗಲಾಟೆ ಬರಬಾರದು” ಎಂಬ ಎರಡು ಷರತ್ತುಗಳೊಂದಿಗೆ.

ಲೆಕ್ಕ ಹಾಕಿದರೆ, ತಲೆಗೆ ಮೂರರಂತೆ 38 ಮಕ್ಕಳಿಗೆ 114 ಮೊಟ್ಟೆ. ಅಂಗಡಿಯಲ್ಲಿ ಏಳು ರೂಪಾಯಿಗೆ ಒಂದು ಹಿಡಿದರೂ 798 ರೂಪಾಯಿ. ಅವರು ಕೈಯಿಂದ ಹಾಕಬಹುದೆಂದುಕೊಂಡಿದ್ದುದು 300. ಪ್ಲಾಸ್ಟಿಕ್ ಮೊಟ್ಟೆ ತರಿಸಿದರೆ ಅದಕ್ಕಿಂತ ಹೆಚ್ಚಾಗುತ್ತಿತ್ತು. ಚಾಕೊಲೇಟಿನದು ಏಪ್ರಿಲ್ ಬಿಸಿಲಿನಲ್ಲಿ ಹುಡುಕುವ ಮುಂಚೆಯೇ ಹರಿದು ಹೋಗುತ್ತಿತ್ತು. ಈ ಕಷ್ಟ ಅಜ್ಜಂಪುರಕ್ಕೆ ಮಾತ್ರ ಬಂದದ್ದಲ್ಲ. ಅದೇ ವಸಂತದಲ್ಲಿ ಅಮೆರಿಕದಲ್ಲಿ ಹಕ್ಕಿಜ್ವರದ ದೆಸೆಯಿಂದ ಮೊಟ್ಟೆ ತುಟ್ಟಿಯಾಗಿ, ಡಜನ್ನಿಗೆ ಸರಾಸರಿ ಆರು ಡಾಲರ್ ಮೀರಿ, ಕೆಲವು ಮನೆಗಳಲ್ಲಿ ಆಲೂಗಡ್ಡೆಗೆ ಬಣ್ಣ ಹಚ್ಚಿ ಮಕ್ಕಳಿಗೆ ಹುಡುಕಲು ಕೊಟ್ಟರು. ಯೂರೋಪಿನ ಬಡವರ ಮನೆಗಳಲ್ಲಿ ಈರುಳ್ಳಿ ಸಿಪ್ಪೆಯೊಂದಿಗೆ ಬೇಯಿಸಿ ಮೊಟ್ಟೆಗೆ ಕೆಂಪು ಬಣ್ಣ ಬರಿಸುವ ಪದ್ಧತಿಯಿದೆ. ಈರುಳ್ಳಿ ಬೆಳೆಯುವ ಅಜ್ಜಂಪುರದಲ್ಲಿ ಸಿಪ್ಪೆಗೆ ಬರವಿಲ್ಲ. ಆದರೆ ಜೈನರ ಮನೆಯ ಹುಡುಗಿಗೆ ಆಲೂಗಡ್ಡೆಯಾಗಲಿ ಈರುಳ್ಳಿಯಾಗಲಿ ಮೊಟ್ಟೆಗಿಂತ ಹೆಚ್ಚು ಸಲ್ಲುವ ಪದಾರ್ಥಗಳಲ್ಲ! ಕಂದಮೂಲಗಳ ವಿಚಾರ ಗೊತ್ತಿದ್ದವರು ಆ ಅಧ್ಯಾಪಕಿಯ ಪೇಚನ್ನು ಕಂಡು ನಕ್ಕಾರು.

ಕೊನೆಗೆ ಅವರಿಗೆ ಹೊಳೆದದ್ದು ತಂಬಿಟ್ಟು. ಹುರಿದ ಅಕ್ಕಿಹಿಟ್ಟು, ಹುರಿಗಡಲೆ, ಬೆಲ್ಲ, ಕೊಬ್ಬರಿ. ಶಿವರಾತ್ರಿಗೆ, ಜಾತ್ರೆಗೆ ಈ ಕಡೆಯ ಎಲ್ಲ ಜಾತಿಯ ಮನೆಗಳಲ್ಲೂ ಮಾಡುವ ತಿನಿಸು, ಅಗ್ಗವಾದದ್ದು, ಎರಡು ದಿನ ಕೆಡುವುದಿಲ್ಲ. ಅದನ್ನು ಗುಂಡಗೆ ಕಟ್ಟುವ ಬದಲು ಕೋಳಿಮೊಟ್ಟೆಯ ಆಕಾರಕ್ಕೆ ಕಟ್ಟಿ, ಬಣ್ಣದ ಕಾಗದದಲ್ಲಿ ಸುತ್ತಿ ಬಚ್ಚಿಟ್ಟರೆ ಸಾಕು. ಎರಡು ಅಂಕಣಗಳೂ ಅಳಿಸಿಹೋಗುತ್ತವೆ. ಮನೆಗಳಿಗೆ ಚೀಟಿ ಹೋಯಿತು. ‘ಸಿಹಿ ಹಿಟ್ಟಿನ ಮೊಟ್ಟೆ, ಎಲ್ಲರೂ ತಿನ್ನಬಹುದು’ ಎಂದು ಅದರಲ್ಲಿ ಬರೆದಿತ್ತು.

ಮರುದಿನ ಎಂಟು ಮಂದಿ ಬಾಳೆಹಣ್ಣಿನ ಸಾಲಿನವರು ಸಹಿ ಮಾಡಿಸಿದ ಚೀಟಿ ತಂದರು. ಮೊದಲು ಆಟ ಕೇಳಿದ ಹುಡುಗಿ ತರಲಿಲ್ಲ. “ಅಜ್ಜ ಬ್ಯಾಡ ಅಂದ್ರು ಮಿಸ್” ಎಂದು ಹೇಳಿ, ಆ ದಿನವೆಲ್ಲ ಅವಳು ಯಾರೊಂದಿಗೂ ಮಾತನಾಡಲಿಲ್ಲ.

ಅಧ್ಯಾಪಕಿಗೆ ಸಿಟ್ಟು ಬಂದದ್ದು ಸಹಜ. ಅಕ್ಕಿಹಿಟ್ಟು ಬೆಲ್ಲದಲ್ಲಿ ಯಾವ ಹಿಂಸೆ? ಸಂಜೆ ರೈಲು ತಪ್ಪಿದರೂ ಸರಿಯೆಂದು ಅವರು ಆ ಮನೆಗೆ ಹೋದರು. ಅಜ್ಜನಿಗೆ ಎಂಬತ್ತರ ಹತ್ತಿರದ ವಯಸ್ಸು, ಹಿಂದೆ ತರೀಕೆರೆಯಲ್ಲಿ ಜವಳಿಯ ವ್ಯಾಪಾರ ಮಾಡುತ್ತಿದ್ದವರು. ಜಗಲಿಯ ಮೇಲೆ ಕೂರಿಸಿ, ನೀರು ಬೆಲ್ಲ ಕೊಡಿಸಿ, “ಕೋಪ ಮಾಡ್ಕೊಂಡು ಬಂದಿದೀರಿ ಅಂತ ಮುಖದಲ್ಲೇ ಕಾಣ್ತದೆ ತಾಯಿ” ಎಂದು ತಾವೇ ಮಾತು ತೆಗೆದರು. ಬಳಿಕ ಒಂದು ಪ್ರಶ್ನೆ ಕೇಳಿದರು: “ಅಮೃತಾಪುರ ನೋಡಿದೀರಾ?”

ನೋಡಿದ್ದರು. ತರೀಕೆರೆಯಿಂದ ಅನತಿದೂರದ ಅಮೃತಾಪುರಕ್ಕೆ ಆ ಸೀಮೆಯ ಶಾಲೆಗಳೆಲ್ಲ ಪ್ರವಾಸ ಹೋಗುತ್ತವೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯ ಅದು. ಮಕ್ಕಳು ಅಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳ ಶಿಲ್ಪಸಾಲುಗಳನ್ನು ನೋಡುತ್ತಾರೆ, ಹೊಳೆಯುವ ಕಂಬಗಳಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತಾರೆ. ಶಾಸನದ ಕಲ್ಲಿನ ಮುಂದೆ ನಿಲ್ಲುವ ಮಕ್ಕಳು ಕಡಿಮೆ. ಅದನ್ನು ತೋರಿಸಿ ಹೇಳುವ ಅಧ್ಯಾಪಕರೂ ಕಡಿಮೆಯೇ. 1197ರ ಆ ಶಾಸನವನ್ನು ರಚಿಸಿದವನು ಜನ್ನ. ಜೈನಕವಿಯೊಬ್ಬ ಶಿವಾಲಯಕ್ಕೆ ಪದ್ಯ ಕಟ್ಟಿಕೊಟ್ಟ ಕಲ್ಲು. ಹಿಂದೆ ಈ ಜಿಲ್ಲೆಗೇ ಕಡೂರು ಜಿಲ್ಲೆಯೆಂದು ಹೆಸರಿದ್ದಾಗ ಅಚ್ಚಾದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟದಲ್ಲಿ ಅದು ತರೀಕೆರೆ 45ನೆಯ ಸಂಖ್ಯೆಯ ಶಾಸನ. ಹನ್ನೆರಡು ವರ್ಷಗಳ ಬಳಿಕ, 1209ರಲ್ಲಿ, ಇದೇ ಕವಿ ‘ಯಶೋಧರ ಚರಿತೆ’ಯನ್ನು ಬರೆದ.

ಆ ಕಾವ್ಯದ ಕೀಲು ಒಂದು ಹಿಟ್ಟಿನ ಕೋಳಿ. ಉಜ್ಜಯಿನಿಯ ಅರಸ ಯಶೋಧರ ತನ್ನ ರಾಣಿ ಅಮೃತಮತಿ ಮಾವುತನಿಗೆ ಒಲಿದುದನ್ನು ಕಣ್ಣಾರೆ ಕಂಡು ಕುಗ್ಗಿದ್ದಾನೆ. ತಾಯಿ ಚಂದ್ರಮತಿಗೆ ನಿಜವನ್ನು ಹೇಳಲಾರದೆ ಕೆಟ್ಟ ಕನಸು ಕಂಡೆನೆಂದು ನೆಪ ಹೇಳುತ್ತಾನೆ. ದೋಷಪರಿಹಾರಕ್ಕೆ ಪ್ರಾಣಿಬಲಿ ಕೊಡಬೇಕೆಂದು ತಾಯಿ, ಕೊಲ್ಲಲಾರೆನೆಂದು ಮಗ. ಕೊನೆಗೆ ಇಬ್ಬರ ಮನಸ್ಸೂ ನೋಯದಂತೆ ಒಂದು ಮಧ್ಯದ ದಾರಿ: ಹಿಟ್ಟಿನಲ್ಲಿ ಮಾಡಿದ ಕೋಳಿ. ಅರಸ ಅದನ್ನು ಕಡಿದಾಗ ಅದು ಕೂಗುತ್ತದೆ. ಕೊಂದದ್ದು ಹಿಟ್ಟನ್ನೇ ಆದರೂ ಕೊಲ್ಲುವೆನೆಂಬ ಸಂಕಲ್ಪ ನಿಜದ್ದಾಗಿತ್ತು. ಅದರ ಫಲವಾಗಿ ತಾಯಿ ಮಗ ನವಿಲು ನಾಯಿಗಳಾಗಿ ಮೊದಲುಗೊಂಡು ಹಲವು ತಿರ್ಯಕ್ ಜನ್ಮಗಳಲ್ಲಿ ತೊಳಲಿ, ಕಡೆಗೆ ಕೋಳಿಗಳಾಗಿಯೇ ಹುಟ್ಟಿ, ಮುನಿಯಿಂದ ವ್ರತ ಪಡೆದ ಸಂತಸದಲ್ಲಿ ಕೂಗಿ, ಆ ಕೂಗನ್ನೇ ಗುರಿಯಾಗಿಸಿದ ಬಾಣಕ್ಕೆ ಬಲಿಯಾಗುತ್ತಾರೆ. ಬಾಣ ಬಿಟ್ಟವನು ಯಶೋಧರನ ಮಗ ಯಶೋಮತಿ. ಸೋಮದೇವ, ವಾದಿರಾಜರು ಸಂಸ್ಕೃತದಲ್ಲಿ ಹೇಳಿದ್ದ ಈ ಕಥೆಯನ್ನು ಜನ್ನ ಕಂದಪದ್ಯಗಳ ಇಕ್ಕಟ್ಟಿನಲ್ಲಿ ಹಿಡಿದು ತಂದುದರಿಂದ ಕನ್ನಡದಲ್ಲಿ ಅದಕ್ಕೆ ಬೇರೆಯೇ ಬಿಗಿ ಬಂದಿದೆ. ಅಮೃತಮತಿಯ ಪ್ರಣಯವನ್ನು ಕುರಿತು ನಮ್ಮ ವಿಮರ್ಶೆ ಹರಿಸಿದ ಶಾಯಿಯಲ್ಲಿ ಕಾಲು ಪಾಲಾದರೂ ಆ ಹಿಟ್ಟಿನ ಕೋಳಿಗೆ ಸಂದಿದ್ದರೆ ಒಳ್ಳೆಯದಿತ್ತು.

ಅಜ್ಜ ಇಷ್ಟನ್ನೆಲ್ಲ ಬಿಡಿಸಿ ಹೇಳಲಿಲ್ಲ. ಕನ್ನಡ ಓದಿದ ಅಧ್ಯಾಪಕಿಗೆ ಹೇಳಬೇಕಾಗಿಯೂ ಇರಲಿಲ್ಲ. ಅವರು ಹೇಳಿದ್ದು ಇಷ್ಟು: “ತಂಬಿಟ್ಟು ಅಂತ ಕೊಡಿ, ನನ್ನ ಮೊಮ್ಮಗಳು ಎರಡು ಜಾಸ್ತಿ ತಿಂತಾಳೆ. ಮೊಟ್ಟೆ ಅಂತ ಕೊಟ್ಟು ತಿನ್ನು ಅಂದ್ರೆ ಹೆಂಗೆ? ಬಾಯಿಗೆ ತಂಬಿಟ್ಟೇ ಹೋಗಬಹುದು. ಮನಸ್ಸಿಗೆ ಹೋಗೋದು ಮೊಟ್ಟೆ.”

ಗೃಹಸ್ಥನ ಹಿಂಸೆಯನ್ನು ಜೈನಾಚಾರ್ಯರು ನಾಲ್ಕಾಗಿ ವಿಂಗಡಿಸುತ್ತಾರೆ. ಅಡುಗೆ ಮನೆಗೆಲಸಗಳಲ್ಲಿ ಆಗುವುದು ಆರಂಭೀ, ಕಸುಬಿನಲ್ಲಿ ಆಗುವುದು ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ, ಬೇಕೆಂದೇ ಮಾಡುವುದು ಸಂಕಲ್ಪೀ. ಮೊದಲ ಮೂರರಲ್ಲಿ ಶ್ರಾವಕನಿಗೆ ರಿಯಾಯಿತಿ ಉಂಟು, ನಾಲ್ಕನೆಯದರಲ್ಲಿ ಇಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಗರ್ಭಜನ್ಮದ ಜೀವಿಗಳನ್ನು ಹೇಳುವಾಗ ಮಾಸಿನೊಂದಿಗೆ ಹುಟ್ಟುವವುಗಳ ಪಕ್ಕದಲ್ಲೇ ಮೊಟ್ಟೆಯಿಂದ ಹುಟ್ಟುವವನ್ನೂ ಇಟ್ಟಿದೆ. ಆ ಕಣ್ಣಿನಿಂದ ನೋಡುವವರಿಗೆ ಮೊಟ್ಟೆಯೆಂಬುದು ತಿನಿಸಿನ ಹೆಸರಲ್ಲ. ಹಾಗೆಂದು ಎಲ್ಲರೂ ಅದೇ ಕಣ್ಣಿನಿಂದ ನೋಡಬೇಕೆಂದೂ ಅಜ್ಜ ಹೇಳಲಿಲ್ಲ. ಪಕ್ಕದ ಸಾಲಿನ ಮಗು ಮೊಟ್ಟೆ ತಿನ್ನುವುದಕ್ಕೆ ಅವರ ತಕರಾರು ಎಂದೂ ಇರಲಿಲ್ಲ; ‘ಎಲ್ಲರೂ ತಿನ್ನಬಹುದು’ ಎಂಬ ಚೀಟಿಯ ಮಾತು ಮಾತ್ರ ಅವರನ್ನು ಚುಚ್ಚಿತ್ತು. ಒಂದೇ ಸಾಲು ಮಾಡುವ ಆತುರದಲ್ಲಿ ಅಧ್ಯಾಪಕಿ ಒಬ್ಬ ಮಗುವಿನ ಮನೆಯ ಮಾತನ್ನು ಕೇಳದೆಯೇ ಬರೆದುಬಿಟ್ಟಿದ್ದರು.

“ಹುಡುಕೋದಕ್ಕೆ ಅಡ್ಡಿ ಇಲ್ವಲ್ಲ?” ಎಂದು ಅವರು ಕೇಳಿದರು.

“ಹುಡುಕೋದಕ್ಕೆ ಏನು ಅಡ್ಡಿ? ಸಿಕ್ಕಿದ್ದನ್ನ ಒಡೀಬಾರದು, ತಿನ್ನಬಾರದು. ಅಷ್ಟೇ.”

ಹಳಗನ್ನಡದಲ್ಲಿ ‘ಮೊಟ್ಟೆ’ ಎಂಬುದಕ್ಕೆ ಗಂಟು, ಹೊರೆ ಎಂಬ ಅರ್ಥವೂ ಉಂಟು. ಅಧ್ಯಾಪಕಿ ಮರಳುವ ರೈಲಿನಲ್ಲಿ ಅದನ್ನು ನೆನೆದರಂತೆ. ಒಳಗೆ ಏನನ್ನೋ ಕಟ್ಟಿಟ್ಟ ಗಂಟು. ಅದು ತಿನ್ನುವುದೇ ಆಗಬೇಕಿಲ್ಲ. ಬೀರೂರು ದಾಟುವಷ್ಟರಲ್ಲಿ ಆಟ ಎರಡಾಗಿ ಬಿಡಿಸಿಕೊಂಡಿತ್ತು. ಹುಡುಕಲು ಮಣ್ಣಿನ ಮೊಟ್ಟೆ. ತಿನ್ನಲು ಬೇರೆಯಾಗಿ, ಎಂದಿನಂತೆ ಗುಂಡಗಿನ ತಂಬಿಟ್ಟು.

ಇದರಿಂದ ಖರ್ಚೂ ಇಳಿಯಿತು. ಊರ ಕೆರೆ ಬೇಸಿಗೆಯಲ್ಲಿ ಬತ್ತಿ ಅಂಚಿನಲ್ಲಿ ಹೂಳು ಬಿರುಕು ಬಿಟ್ಟಿತ್ತು. ಎರಡು ಬುಟ್ಟಿ ಗೋಡುಮಣ್ಣನ್ನು ಏಳನೆಯ ತರಗತಿಯವರು ಹೊತ್ತು ತಂದರು. ಸೋಸಿ, ಒಂದಿಷ್ಟು ಒಣ ಸಗಣಿಪುಡಿ ಬೆರೆಸಿ, ಕಲಸಿ, ಒಂದು ರಾತ್ರಿ ಒದ್ದೆ ಗೋಣಿಚೀಲದಡಿ ಇಟ್ಟರು. ಪ್ರತಿ ಮಗುವೂ ಮೂರು ಉಂಡೆ ಕಟ್ಟಿ, ಪ್ರತಿಯೊಂದರ ಹೊಟ್ಟೆಯಲ್ಲಿ ಹೊಂಗೆ, ಬೇವು, ಹುಣಸೆ ಇವುಗಳಲ್ಲಿ ಯಾವುದಾದರೊಂದು ಬೀಜವಿಟ್ಟು ಮುಚ್ಚಬೇಕು. ಅರಣ್ಯ ಇಲಾಖೆಯವರು ಕೆಲವು ವರ್ಷಗಳಿಂದ ಮಾಡಿಸುತ್ತಿರುವ ಬೀಜದುಂಡೆಯೇ ಇದು, ಆಕಾರ ಮಾತ್ರ ಬೇರೆ. ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ. ನೆರಳಿನಲ್ಲಿ ಮೂರು ದಿನ ಒಣಗಬೇಕು. ಮೊದಲ ದಿನ ಆತುರಪಟ್ಟು ಬಿಸಿಲಿಗಿಟ್ಟ ಇಪ್ಪತ್ತೊಂದು ಒಡೆದವು. ಅವನ್ನು ಮತ್ತೆ ಕಲಸಿ ಕಟ್ಟಬೇಕಾಯಿತು. ಬಣ್ಣಕ್ಕೆ ಸುಣ್ಣ, ಕೆಮ್ಮಣ್ಣು, ಅರಿಶಿನ. ಸುಣ್ಣದ ಮೇಲೆ ಅರಿಶಿನ ಬಿದ್ದಲ್ಲಿ ಕೆಂಪಾದುದನ್ನು ಕಂಡು ಮಕ್ಕಳು ಆ ಬಣ್ಣಕ್ಕೇ ಮುಗಿಬಿದ್ದರು. ಮಣ್ಣನ್ನೂ ಪೃಥ್ವೀಕಾಯ ಜೀವವೆಂದು ಎಣಿಸುವ ಮುನಿಗಳ ಮಾತು ಬೇರೆ. ಗೃಹಸ್ಥರಿಗೆ ಅಷ್ಟು ಕಟ್ಟುನಿಟ್ಟು ಇಲ್ಲವೆಂದು ಅಜ್ಜನೇ ಹೇಳಿಕಳುಹಿಸಿದರು.

ಇಂಥ ಆಟಗಳಲ್ಲಿ ಓಡುವ ಬಲವಿದ್ದವರು ಬುಟ್ಟಿ ತುಂಬಿಕೊಳ್ಳುತ್ತಾರೆ, ಒಂದನೆಯ ತರಗತಿಯವರು ಅಳುತ್ತಾ ನಿಲ್ಲುತ್ತಾರೆ. ಅದಕ್ಕೊಂದು ಉಪಾಯವನ್ನು ಮಾಡಿದ್ದರು. ಮೊಟ್ಟೆ ಹಸಿಯಿರುವಾಗಲೇ ಪ್ರತಿ ಮಗುವೂ ತನ್ನದೊಂದು ಗುರುತು ಒತ್ತಬೇಕು: ರಾಗಿಯ ತೆನೆ, ಹುಣಸೆಯ ಎಲೆ, ಗುಂಡಿ, ನಾಣ್ಯ, ಬಳೆಯ ಚೂರು. ಹುಡುಕುವಾಗ ತನ್ನ ಗುರುತಿನದು ಸಿಕ್ಕರೆ ಅಲ್ಲೇ ಬಿಡಬೇಕು. ಬೇರೆಯವರದು ಸಿಕ್ಕರೆ ತೆಗೆದುಕೊಂಡು ಹೋಗಿ ಆ ಮಗುವಿಗೆ ಕೊಡಬೇಕು. ತನಗೆ ಮೂರು ಬರುವುದು ಇನ್ನೊಬ್ಬರಿಂದಲೇ. ಈ ನಿಯಮ ಮೊದಲಿಗೆ ಯಾರಿಗೂ ಅರ್ಥವಾಗದೆ ಎರಡು ಸಲ ಕಲ್ಲುಗಳಿಂದ ಅಭ್ಯಾಸ ಮಾಡಿಸಬೇಕಾಯಿತು. ಒಟ್ಟು ಖರ್ಚು: ಸುಣ್ಣ 20, ಕೆಮ್ಮಣ್ಣು 10, ಅರಿಶಿನ 15, ಬೆಲ್ಲ 100, ಹುರಿಗಡಲೆ 75, ಏಲಕ್ಕಿ 20, ಸೇರಿ 240 ರೂಪಾಯಿ. ಅಕ್ಕಿಹಿಟ್ಟು ಅಧ್ಯಾಪಕಿಯ ಮನೆಯದು, ಕೊಬ್ಬರಿ ಒಬ್ಬ ಪೋಷಕರ ತೋಟದ್ದು.

ಶಾಲೆಯ ಹಿಂಬದಿಗೆ ಬೇಲಿಯಿಲ್ಲ. ಆಟದ ಬಯಲು ಹಾಗೆಯೇ ಹುಲ್ಲುಗಾವಲಿಗೆ ಕೂಡಿಕೊಂಡಿದೆ. ಅಮೃತಮಹಲ್ ದನಗಳ ತವರೆನಿಸಿದ ಅಜ್ಜಂಪುರದ ಸುತ್ತ ಇಂಥ ಕಾವಲುಭೂಮಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಏಪ್ರಿಲಿನಲ್ಲಿ ಹುಲ್ಲು ಸುಟ್ಟು ನೊರಜುಗಲ್ಲು ಮೇಲೆ ಎದ್ದಿರುತ್ತದೆ. ಏಳನೆಯ ತರಗತಿಯವರು ಬೆಳಗಿನ ಏಳಕ್ಕೇ ಬಂದು 114 ಮೊಟ್ಟೆಗಳನ್ನೂ ಅಡಗಿಸಿದರು. ಕೆಲವನ್ನು ಆ ಬಯಲಿನ ಅಂಚಿನಲ್ಲಿಯೂ ಇಟ್ಟರು.

ಎಂಟೂವರೆಗೆ ಆಟ ಆರಂಭವಾಯಿತು. ಒಂಬತ್ತು ಗಂಟೆಯ ಹೊತ್ತಿಗೆ 90ರ ಮೇಲೆ ಸಿಕ್ಕಿದ್ದವು. ಮಕ್ಕಳು ಮೊಟ್ಟೆ ಹಿಡಿದು “ರಾಗಿತೆನೆ ಯಾರ್ದು, ಬಳೆಚೂರು ಯಾರ್ದು” ಎಂದು ಕೂಗುತ್ತಾ ಓಡುತ್ತಿದ್ದರು. ಆ ಗದ್ದಲದ ನಡುವೆ ಹಕ್ಕಿಯೊಂದು ತಲೆಯ ಮೇಲೆ ಸುತ್ತಿ ಸುತ್ತಿ ಅರಚುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಬಯಲಿನ ಅಂಚಿನಲ್ಲಿ ಈಸ್ಟರಿನ ಕಥೆ ಹೇಳಿದ್ದ ಅದೇ ಹುಡುಗ ಒಂದು ಕಾಲನ್ನು ಎತ್ತಿ ಹಿಡಿದು ಹಾಗೆಯೇ ನಿಂತುಬಿಟ್ಟಿದ್ದ. ಅವನ ಪಾದದ ಕೆಳಗೆ, ಗೇಣು ದೂರದಲ್ಲಿ, ಕಲ್ಲುಗಳ ನಡುವೆ ಕಲ್ಲಿನ ಬಣ್ಣದ್ದೇ ಆದ, ಕಪ್ಪು ಮಚ್ಚೆಗಳಿದ್ದ ಒಂದು ಮೊಟ್ಟೆ. “ಮಿಸ್, ಇದಕ್ಕೆ ಗುರುತೇ ಇಲ್ಲ” ಎಂದು ಅವನು ಕೂಗಿದ. ಎರಡನೆಯ ಸಲ ನೋಡಿದಾಗ ಅದರ ಪಕ್ಕದಲ್ಲಿ ಇನ್ನೊಂದು, ಮೂರನೆಯ ಸಲ ನೋಡಿದಾಗ ಇನ್ನೆರಡು ಕಾಣಿಸಿದವು.

ಟಿಟ್ಟಿಭದ ಗೂಡು ಅದು. ಗೂಡೆಂದರೆ ಕಡ್ಡಿ ನಾರು ಏನೂ ಇಲ್ಲ. ನೆಲದಲ್ಲಿ ಒಂದು ಸಣ್ಣ ತಗ್ಗು, ಸುತ್ತ ನಾಲ್ಕು ಬೆಣಚುಕಲ್ಲು. ಮಾರ್ಚಿನಿಂದ ಮಳೆಗಾಲದ ತನಕ ಕೆಂಪು ಟಿಟ್ಟಿಭ ಬಯಲಿನಲ್ಲಿ ಹೀಗೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆಯಿಡುತ್ತದೆ. ಕಡುಬಿಸಿಲಿನಲ್ಲಿ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ತನ್ನ ಮೊಟ್ಟೆಗಳನ್ನು ಕೊಂಡೊಯ್ದ ಸಮುದ್ರದ ಮೇಲೆಯೇ ಹಗೆ ಸಾಧಿಸಿ ಅವನ್ನು ಹಿಂದಕ್ಕೆ ಪಡೆದ ಟಿಟ್ಟಿಭದ ಕಥೆ ಪಂಚತಂತ್ರದಿಂದ ನಮಗೆಲ್ಲ ಗೊತ್ತು. ಶಾಲೆಯ ಹಿಂದೆಯೇ ಆ ಹಕ್ಕಿ ಕಾವು ಕೂತಿದ್ದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಡಗಿಸಲು ಹೋದ ದೊಡ್ಡ ಹುಡುಗರು ಅದೇ ಅಂಚಿನಲ್ಲಿ ಓಡಾಡಿದ್ದರು. ಅವರ ಹೆಜ್ಜೆ ಅದರ ಮೇಲೆ ಬೀಳದಿದ್ದದ್ದು ಅದೃಷ್ಟ.

ಅಧ್ಯಾಪಕಿ ಓಡಿ ಬರುವಷ್ಟರಲ್ಲಿ ಮಕ್ಕಳು ಅರ್ಧಚಂದ್ರಾಕಾರವಾಗಿ ನಿಂತಿದ್ದರು. ಎರಡು ಸಾಲಿನವರೂ ಬೆರೆತಿದ್ದರೆಂಬುದು ಅವರಿಗೆ ಆಮೇಲೆ ನೆನಪಾಯಿತು. ಆ ಹೊತ್ತಿನಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. ಒಬ್ಬನು ಸುತ್ತ ಕಲ್ಲಿಟ್ಟು ಗುರುತು ಮಾಡೋಣವೆಂದ. ಕುರಿ ಕಾಯುವ ಮನೆಯ ಹುಡುಗಿ, “ಗುರುತು ಮಾಡಿದ್ರೆ ಕಾಗೆಗೆ ದಾರಿ ತೋರಿಸ್ದಂಗೆ” ಎಂದು ತಡೆದಳು. ಅವಳ ಮಾತೇ ನಡೆಯಿತು. ಎಲ್ಲರೂ ತಾವು ಬಂದ ಹೆಜ್ಜೆಯ ಮೇಲೆಯೇ ಹಿಂದಕ್ಕೆ ಸರಿದು ಜಗಲಿಗೆ ಬಂದರು. ಹತ್ತು ನಿಮಿಷಕ್ಕೆ ಅರಚಾಟ ನಿಂತಿತು. ಹಕ್ಕಿ ನೆಲಕ್ಕಿಳಿದು, ನೇರವಾಗಿ ಹೋಗದೆ, ಅಲ್ಲಿ ಇಲ್ಲಿ ಏನನ್ನೋ ಹೆಕ್ಕುವಂತೆ ನಟಿಸುತ್ತಾ ಹೋಗಿ ಕುಳಿತುಕೊಂಡಿತು. ಆ ಅಂಚಿನಲ್ಲಿ ಅಡಗಿಸಿದ್ದ ಮಣ್ಣಿನ ಮೊಟ್ಟೆಗಳು ಹನ್ನೊಂದು. ಅವನ್ನು ತರಲು ಯಾರೂ ಹೋಗಬಾರದೆಂದು ತೀರ್ಮಾನವಾಯಿತು. ನಾಲ್ಕೈದು ಮಕ್ಕಳಿಗೆ ಮೂರು ಸಿಗಲಿಲ್ಲ. ಒಂದನೆಯ ತರಗತಿಯ ಒಬ್ಬನು ಮಾತ್ರ ಅತ್ತ.

ತಂಬಿಟ್ಟನ್ನು ಜಗಲಿಯ ಮೇಲೆ ಹಂಚಿದರು. ಜೈನರ ಮನೆಯ ಹುಡುಗಿ ಅಜ್ಜ ಹೇಳಿದ್ದಂತೆಯೇ ಎರಡು ಹೆಚ್ಚು ತಿಂದಳು. ಆ ದಿನ ಸಾಲು ಒಂದೇ ಇತ್ತು. ಸೋಮವಾರ ಬಿಸಿಯೂಟಕ್ಕೆ ಮತ್ತೆ ಎರಡಾಯಿತು. ಆದರೆ ಈಸ್ಟರಿನ ಹುಡುಗ ತನ್ನ ತಟ್ಟೆ ಹಿಡಿದುಕೊಂಡು ಬಾಳೆಹಣ್ಣಿನವರ ನಡುವೆ ಹೋಗಿ ಕುಳಿತ, ಮೊಟ್ಟೆಯನ್ನು ಅಲ್ಲಿಯೇ ತಿಂದ, ಯಾರೂ ಏನೂ ಅನ್ನಲಿಲ್ಲ.

ಮೊಮ್ಮಗಳು ಮನೆಯಲ್ಲಿ ವರದಿ ಒಪ್ಪಿಸಿದ ಮೇಲೆ ಅಜ್ಜ ಅಧ್ಯಾಪಕಿಗೆ ಫೋನು ಮಾಡಿದರು. ಹಿಂಸೆಯ ಲಕ್ಷಣ ಹೇಳುವಾಗ ತತ್ತ್ವಾರ್ಥಸೂತ್ರ ಸಂಕಲ್ಪದ ಮಾತನ್ನೇ ಎತ್ತುವುದಿಲ್ಲ. ಪ್ರಮಾದದಿಂದ, ಅಂದರೆ ಎಚ್ಚರ ತಪ್ಪಿ, ಪ್ರಾಣಕ್ಕೆ ಅಪಾಯ ತರುವುದೇ ಹಿಂಸೆಯೆಂದು ಅದು ಹೇಳುತ್ತದೆ. “ನಾನು ತಂಬಿಟ್ಟಿನ ಹೆಸರು ಹಿಡ್ಕೊಂಡು ಕೂತೆ ತಾಯಿ. ಬಯಲು ನೋಡಿಕೊಂಡ್ರಾ ಅಂತ ಒಂದು ಮಾತು ಕೇಳಬೇಕಿತ್ತು” ಎಂದರು. ಅಧ್ಯಾಪಕಿ, ತಾನೂ ನೋಡಿಕೊಳ್ಳಲಿಲ್ಲವೆಂದರು. ಮುಂದಿನ ವರ್ಷ ಅಡಗಿಸುವ ಮುಂಚಿನ ಸಂಜೆ ಮಕ್ಕಳೊಂದಿಗೆ ಬಯಲನ್ನು ಒಂದು ಸುತ್ತು ನಡೆದು ನೋಡುವುದೆಂದು ಇಬ್ಬರೂ ಮಾತನಾಡಿಕೊಂಡರು. ಅಜ್ಜ ತಾವೂ ಬರುವೆನೆಂದರು, ಮಂಡಿನೋವು ಬಿಟ್ಟರೆ.

ಟಿಟ್ಟಿಭದ ಮೊಟ್ಟೆ ಮರಿಯಾಗಲು ಸುಮಾರು ನಾಲ್ಕು ವಾರ ಬೇಕು. ರಜೆಯಲ್ಲಿ ಕುರಿ ಮನೆಯ ಹುಡುಗಿ ದೂರದಿಂದಲೇ ನೋಡಿಕೊಂಡಿದ್ದಳು. ಮೇ ತಿಂಗಳ ಮೊದಲ ವಾರದಲ್ಲಿ ಮೂರು ಮರಿಗಳು ತಾಯಿಯ ಹಿಂದೆ ಓಡುತ್ತಿದ್ದುದನ್ನು ಕಂಡೆನೆಂದು ಹೇಳಿದಳು. ನಾಲ್ಕನೆಯದರ ಗತಿ ಗೊತ್ತಾಗಲಿಲ್ಲ. ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಎರಡು ಹದ ಮಳೆ ಬಿದ್ದಿತ್ತು. ಮಕ್ಕಳು ಆ ಅಂಚಿಗೆ ಹೋಗಿ ಹನ್ನೊಂದನ್ನೂ ಹುಡುಕಿದರು. ಆರು ಇನ್ನೂ ಗಟ್ಟಿಯಾಗಿಯೇ ಇದ್ದವು. ಅವುಗಳ ಮೇಲಿನ ಗುರುತು ನೋಡಿ ಆಯಾ ಮಕ್ಕಳಿಗೆ ಕೊಟ್ಟರು. ಎರಡು ಕರಗಿ ಅಲ್ಲಿ ಹೊಂಗೆಯ ಸಸಿ ಎದ್ದಿತ್ತು. ಯಾರ ಗುರುತೆಂದು ತಿಳಿಯಲಿಲ್ಲ. ಉಳಿದ ಮೂರು ಸಿಗಲಿಲ್ಲ.